ಕಲ್ವಕ್ಕೂ ತಳಿ ಬೇಕು, ಆದರೆ ನಮ್ಮ ಹೊಳೆಯದ್ದೇ ಬೇಕು

ಈ ಸಲದ ಟಿಪ್ಪಣಿ ಭತ್ತದ್ದಲ್ಲ, ಕಲ್ವದ್ದು. ಕಲ್ವ ಅನ್ನಿ, ಕಲ್ಗ ಅನ್ನಿ, ಪುಸ್ತಕದಲ್ಲಿ ಇರೋ ಹಾಗೆ ಸಿಂಪಿ ಅನ್ನಿ, ಹೊಳೆಯ ಕಲ್ಲಿಗೆ ಕಚ್ಚಿಕೊಂಡು ಬೆಳೆಯೋ ಆ ಒರಟು ಚಿಪ್ಪಿನದ್ದೇ ಮಾತು. ಸ್ವಲ್ಪ ಉದ್ದ ಆಗ್ತದೆ, ಪುರಸೊತ್ತು ಮಾಡಿಕೊಂಡು ಓದಿ.

ಎರಡು ತಿಂಗಳಿಂದ ನಮ್ಮ ಕಡೆಯ ಗುಂಪುಗಳಲ್ಲಿ ಒಂದು ವಿಡಿಯೋ ತಿರುಗ್ತಾ ಇದೆ. ಹೊರದೇಶದ ಕಲ್ವ, ಅಂಗೈ ತುಂಬ ಮಾಂಸ, ವರ್ಷ ಪೂರ್ತಿ ಒಂದೇ ದಪ್ಪ. ಅದಕ್ಕೆ ಟ್ರಿಪ್ಲಾಯ್ಡ್ ಅಂತ ಹೆಸರು. ನೋಡಿದವರಲ್ಲಿ ಒಂದು ಪಾರ್ಟಿ, "ನಮಗೂ ಇಂಥ ಬೀಜ ತರಿಸಿ, ಎಲ್ಲರೂ ಸೇರಿ ದುಡ್ಡು ಹಾಕೋಣ" ಅಂತದೆ. ಇನ್ನೊಂದು ಪಾರ್ಟಿ, "ತಳಿ ಗಿಳಿ ಎಲ್ಲ ಬೇಡ ಮಾರಾಯ್ರೇ, ಹೊಳೆ ಕೊಟ್ಟ ಮರಿ ಸಾಕು" ಅಂತದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೇನೆ. ಎರಡೂ ಮಾತು ಅರ್ಧ ಸರಿ. ಕಲ್ವಕ್ಕೆ ತಳಿ ಸುಧಾರಣೆ ಬೇಕೇ ಬೇಕು. ಆದರೆ ಅದು ಹೊರಗಿಂದ ಪೊಟ್ಟಣದಲ್ಲಿ ಬರೋದಲ್ಲ, ನಮ್ಮ ಅಳಿವೆಯ ಕಲ್ವದಿಂದಲೇ ಆಗಬೇಕು. ಆ ಬೀಜದ ಮೇಲೆ ಹಕ್ಕು ನಮ್ಮ ಕೈಯಲ್ಲೇ ಇರಬೇಕು. ಯಾಕೆ ಅನ್ನೋದನ್ನ ಒಂದೊಂದಾಗಿ ಬರೀತೇನೆ.

ನಮ್ಮ ನಿಜವಾದ ಕಷ್ಟ ಯಾವುದು

ಹೊಸಬರಿಗಾಗಿ ಎರಡು ಸಾಲು. ನಾವು ಕಂಬ ನೆಟ್ಟು, ಚಪ್ಪರ ಕಟ್ಟಿ, ಹಳೇ ಚಿಪ್ಪು ಪೋಣಿಸಿದ ಸರಗಳನ್ನ ನೀರಿಗೆ ಇಳಿಬಿಡ್ತೇವೆ. ಮಳೆಗಾಲ ಮುಗಿದು ಹೊಳೆಯ ನೀರು ಮತ್ತೆ ಉಪ್ಪಾದ ಮೇಲೆ ಮರಿ ಬಂದು ಆ ಚಿಪ್ಪಿಗೆ ಅಂಟಿಕೊಳ್ತದೆ. ಅದು ಬೆಳೀತದೆ, ಮತ್ತೆ ಮಳೆ ಬೀಳೋದ್ರೊಳಗೆ ಕೊಯ್ಲು. ಮೇವು ಹಾಕೋದಿಲ್ಲ, ಔಷಧಿ ಇಲ್ಲ. ನೀರಲ್ಲಿರೋ ಸೂಕ್ಷ್ಮ ಪಾಚಿಯನ್ನೇ ಸೋಸಿ ತಿಂತದೆ. ನಮ್ಮಂಥ ಗುಂಟೆ ಲೆಕ್ಕದ ಜಮೀನಿನವರಿಗೆ ಇದಕ್ಕಿಂತ ಕಡಿಮೆ ಬಂಡವಾಳದ ಕೃಷಿ ಸಿಗೋದು ಕಷ್ಟ.

ಹಾಗಾದ್ರೆ ಎಲ್ಲಿ ಪೆಟ್ಟು ಬೀಳ್ತದೆ? ಜೂನ್ ತಿಂಗಳಲ್ಲಿ. ಘಟ್ಟದ ಮೇಲೆ ನಾಲ್ಕು ದಿನ ಹಿಡಿದು ಮಳೆ ಹೊಯ್ದರೆ ಅಳಿವೆಯ ನೀರು ಕುಡಿಯೋ ನೀರಿನಷ್ಟು ಸಪ್ಪೆ. ಕಲ್ವ ಬಾಯಿ ಮುಚ್ಚಿ ಕೂರ್ತದೆ. ಕೆಲವು ದಿನ ತಡೀತದೆ. ಅದಕ್ಕಿಂತ ಹೆಚ್ಚಾದ್ರೆ ಬಾಯಿ ಬಿಡ್ತದೆ, ಅಲ್ಲಿಗೆ ಮುಗೀತು. ನೀರು ಬೆಚ್ಚಗಿದ್ದಷ್ಟೂ ಬಾಯಿ ಮುಚ್ಚಿ ಕೂತಿರೋ ತಾಕತ್ತು ಕಡಿಮೆ. ಅದಕ್ಕೇ ನಾವೆಲ್ಲ ಮೇ ತಿಂಗಳ ಕೊನೆಗೆ, ದಪ್ಪ ಆಗಿದ್ರೂ ಆಗದಿದ್ರೂ, ಎಲ್ಲ ಸರ ಎತ್ತಿ ಮಾರ್ತೇವೆ. ಎಲ್ಲರೂ ಒಂದೇ ಹದಿನೈದು ದಿನದಲ್ಲಿ ಮಾರಿದ್ರೆ ದರ ಏನಾಗ್ತದೆ ಅಂತ ನಾನು ಹೇಳಬೇಕಾಗಿಲ್ಲ. ಬಂದ ವ್ಯಾಪಾರಿಗೂ ಗೊತ್ತು, ಇವರಿಗೆ ಇಟ್ಟುಕೊಳ್ಳೋ ಹಾಗಿಲ್ಲ ಅಂತ. ಮರಿಯಾಗಿ ಆರೇಳು ತಿಂಗಳಿಗೇ ಎತ್ತೋದ್ರಿಂದ ಮಾಂಸವೂ ಕಡಿಮೆ. ಚಿಪ್ಪು ಸಮೇತ ತೂಗಿದ ಹತ್ತು ಕಿಲೋಕ್ಕೆ ಒಂದು ಕಿಲೋ ಮಾಂಸ ಬಂದರೆ ಪುಣ್ಯ.

ಈಗ ಯೋಚನೆ ಮಾಡಿ. ನಮಗೆ ಬೇಕಾದ ಗುಣ ಯಾವುದು? ಅಂಗೈ ತುಂಬೋ ದಪ್ಪವಾ, ಮಳೆಗಾಲ ದಾಟೋ ಜೀವವಾ? ಮಳೆಗಾಲ ದಾಟಿದ ಕಲ್ವ ಇದ್ರೆ ಅದು ಎರಡನೇ ವರ್ಷಕ್ಕೆ ತಾನೇ ದಪ್ಪ ಆಗ್ತದೆ. ಆಗ ಮೇ ತಿಂಗಳಲ್ಲಿ ವ್ಯಾಪಾರಿ ಹೇಳಿದ ದರಕ್ಕೆ ತಲೆ ಆಡಿಸಬೇಕಾಗಿಲ್ಲ. ಯಾವ ತಳಿ ಬೇಕು ಅನ್ನೋ ಪ್ರಶ್ನೆಗೆ ಮೊದಲು ಯಾವ ಕಷ್ಟಕ್ಕೆ ಅನ್ನೋದು ಗೊತ್ತಿರಬೇಕು. ವಿಡಿಯೋದಲ್ಲಿ ಇರೋದು ಫ್ರಾನ್ಸಿನವರ ಕಷ್ಟಕ್ಕೆ ಫ್ರಾನ್ಸಿನವರು ಹುಡುಕಿಕೊಂಡ ಮದ್ದು.

ಟ್ರಿಪ್ಲಾಯ್ಡ್ ಅಂದ್ರೆ ಎಂಥದು

ಹೆದರಿಕೊಳ್ಳೋ ವಸ್ತು ಅಲ್ಲ. ಸಾಮಾನ್ಯವಾಗಿ ಪ್ರಾಣಿಗಳಿಗೆ ಅಪ್ಪನಿಂದ ಒಂದು ಜೊತೆ, ಅಮ್ಮನಿಂದ ಒಂದು ಜೊತೆ ಕ್ರೋಮೊಸೋಮು ಬರ್ತದೆ, ಒಟ್ಟು ಎರಡು ಜೊತೆ. ಟ್ರಿಪ್ಲಾಯ್ಡಿನಲ್ಲಿ ಮೂರು ಜೊತೆ. ಬೇರೆ ಪ್ರಾಣಿಯ ಜೀನು ತಂದು ತುರುಕಿದ್ದಲ್ಲ, ಹಾಗಾಗಿ ಬಿಟಿ ಹತ್ತಿಗೂ ಇದಕ್ಕೂ ಹೋಲಿಸೋದು ಸರಿ ಅಲ್ಲ. ನಾವು ತಿನ್ನೋ ಬೀಜ ಇಲ್ಲದ ಬಾಳೆಹಣ್ಣು ಇದೆಯಲ್ಲ, ಅದರಲ್ಲೂ ಮೂರೇ ಜೊತೆ ಇರೋದು. ಅದಕ್ಕೇ ಬೀಜ ಕಟ್ಟೋದಿಲ್ಲ.

ಕಲ್ವದಲ್ಲೂ ಅದೇ ಲೆಕ್ಕ. ಮೂರು ಜೊತೆ ಇದ್ರೆ ಹೆಚ್ಚು ಕಡಿಮೆ ಬಂಜೆ. ಮಾಮೂಲಿ ಕಲ್ವ ಮೊಟ್ಟೆ ಬಿಡೋ ಕಾಲದಲ್ಲಿ ಮೈಯಲ್ಲಿರೋ ಸತ್ವ ಎಲ್ಲ ಮೊಟ್ಟೆಗೆ ಹಾಕಿ ನೀರಾಗಿ ಬಿಡ್ತದೆ. ಬಂಜೆ ಕಲ್ವಕ್ಕೆ ಆ ಖರ್ಚಿಲ್ಲ. ಆ ಸತ್ವ ಮೈಗೇ ಹೋಗ್ತದೆ, ಬೇಗ ದಪ್ಪ ಆಗ್ತದೆ. 1979ರ ಹೊತ್ತಿಗೆ ಅಮೆರಿಕದ ಮೇನ್ ವಿಶ್ವವಿದ್ಯಾಲಯದಲ್ಲಿ ಇದನ್ನ ಮೊದಲು ಮಾಡಿದ್ದು. ಆಮೇಲೆ 1990ರ ದಶಕದಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದವರು ನಾಲ್ಕು ಜೊತೆಯ ಗಂಡು ಕಲ್ವ ಮಾಡಿದ್ರು. ಅದನ್ನ ಮಾಮೂಲಿ ಹೆಣ್ಣಿಗೆ ಕೂಡಿಸಿದ್ರೆ ಮರಿ ಎಲ್ಲವೂ ಮೂರು ಜೊತೆಯದ್ದು. ಅದಕ್ಕೆ ಪೇಟೆಂಟೂ ತಗೊಂಡ್ರು.

ಇಲ್ಲಿ ನಾವು ರೈತರು ಕಿವಿ ನೆಟ್ಟಗೆ ಮಾಡಬೇಕಾದ ಜಾಗ ಇದೆ. ಬಂಜೆ ಬೀಜ ಅಂದ್ರೆ ಪ್ರತಿ ವರ್ಷ ಕೊಳ್ಳಬೇಕಾದ ಬೀಜ. ನಾಲ್ಕು ಜೊತೆಯ ಗಂಡು ಯಾರ ಕೈಯಲ್ಲಿದೆಯೋ ಬೀಜ ಅವರದ್ದು. ಇದು ತಪ್ಪು ಅಂತ ನಾನು ಹೇಳ್ತಾ ಇಲ್ಲ. ಹೈಬ್ರಿಡ್ ಜೋಳವನ್ನೂ ವರ್ಷ ವರ್ಷ ಕೊಂಡು ಬಿತ್ತೋರು ಇದ್ದಾರೆ, ಲಾಭವೂ ಮಾಡ್ತಾರೆ. ಆದರೆ ಈಗ ನಮಗೆ ಬೀಜ ಹೊಳೆಯಿಂದ ಪುಕ್ಕಟೆ ಬರ್ತಾ ಇದೆ. ಪುಕ್ಕಟೆ ಬರೋದನ್ನ ಬಿಟ್ಟು ಕೊಳ್ಳೋಕೆ ಹೋಗೋನು ಅದಕ್ಕೆ ಸಮನಾದ ಲಾಭ ಇದೆಯಾ ಅಂತ ಮೊದಲು ನೋಡಬೇಕು.

ನಮ್ಮ ಕಷ್ಟಕ್ಕೆ ಅದರಿಂದ ಲಾಭ ಇದೆಯಾ? ಅಮೆರಿಕದ ದಕ್ಷಿಣದಲ್ಲಿ, ಮಿಸಿಸಿಪಿ ನದಿ ಸಮುದ್ರ ಸೇರೋ ಕಡೆ, ನಮ್ಮ ಹಾಗೆಯೇ ಸಿಹಿನೀರಿನ ಕಾಟ. ಅಲ್ಲಿ ಪಕ್ಕ ಪಕ್ಕ ಇಟ್ಟು ನೋಡಿದ ಪ್ರಯೋಗಗಳಲ್ಲಿ, ಉಪ್ಪು ತೀರಾ ಕಡಿಮೆಯಾದಾಗ ಟ್ರಿಪ್ಲಾಯ್ಡೇ ಮಾಮೂಲಿ ಕಲ್ವಕ್ಕಿಂತ ಹೆಚ್ಚು ಸತ್ತದ್ದು ಕಂಡಿದೆ. ಅಂದ್ರೆ ನಾವು ಯಾವ ಕಾಯಿಲೆಗೆ ಮದ್ದು ಹುಡುಕ್ತಾ ಇದ್ದೇವೋ ಆ ಕಾಯಿಲೆಯಲ್ಲೇ ಅದು ಮೆತ್ತಗೆ. ವಿಡಿಯೋದಲ್ಲಿ ಇದನ್ನ ಯಾರೂ ಹೇಳಿಲ್ಲ.

ಇನ್ನು ವಿಡಿಯೋದ ಕಲ್ವ ನಮ್ಮ ಜಾತಿಯದ್ದೂ ಅಲ್ಲ. ಅದು ಜಪಾನ್ ಮೂಲದ ಪೆಸಿಫಿಕ್ ಕಲ್ವ, ತಣ್ಣೀರಿನದ್ದು. ಹೊರಗಿನ ಜಲಜೀವಿ ತರೋದಕ್ಕೆ ಕೇಂದ್ರ ಸರ್ಕಾರದ ಅನುಮತಿ ಬೇಕು, ಬೇಕಾದ್ದೇ ಸರಿ. ಅಮೆರಿಕದ ಚೆಸಪೀಕ್ ಕೊಲ್ಲಿಯವರು ತಮ್ಮ ಕಲ್ವ ಬಹುಪಾಲು ಸತ್ತ ಮೇಲೆ ಏಷ್ಯಾದ ಒಂದು ಜಾತಿ ತರೋಣ ಅಂತ ವರ್ಷಗಟ್ಟಲೆ ಪರೀಕ್ಷೆ ಮಾಡಿದ್ರು, ಟ್ರಿಪ್ಲಾಯ್ಡ್ ಮಾಡಿಯೂ ಇಟ್ಟು ನೋಡಿದ್ರು. ಕೊನೆಗೆ 2009ರಲ್ಲಿ ಬೇಡ, ನಮ್ಮದನ್ನೇ ಸುಧಾರಿಸೋಣ ಅಂತ ತೀರ್ಮಾನ ಮಾಡಿದ್ರು. ಅಷ್ಟು ದುಡ್ಡಿರೋ ದೇಶದವರೇ ಹಿಂದೆ ಸರಿದ ದಾರಿಗೆ ನಾವು ಯಾಕೆ ಕಾಲಿಡಬೇಕು?

"ಹೊಳೆ ಕೊಟ್ಟದ್ದೇ ಸಾಕು" ಅನ್ನೋರಿಗೆ

ಈಗ ಇನ್ನೊಂದು ಪಾರ್ಟಿಯವರ ಹತ್ತಿರ ಮಾತು. ನಮ್ಮ ಗಜನಿಯ ಕಗ್ಗ ಭತ್ತ ನೋಡಿ. ಉಪ್ಪು ನೀರು ನಿಂತರೂ, ನೆರೆ ಬಂದರೂ ತಡೀತದೆ. ಅದು ಆಕಾಶದಿಂದ ಬಿದ್ದದ್ದಾ? ನಮ್ಮ ಅಜ್ಜಂದಿರು, ಅಜ್ಜಿಯಂದಿರು ಪ್ರತಿ ವರ್ಷ ಉಪ್ಪಿಗೆ ಸಾಯದ ಗಿಡದ ತೆನೆಯನ್ನೇ ಬೀಜಕ್ಕೆ ಇಟ್ಟು ಇಟ್ಟು ಆ ಗುಣ ಗಟ್ಟಿಯಾಯ್ತು. ಅದೇ ತಳಿ ಸುಧಾರಣೆ. ಭತ್ತಕ್ಕೆ ಆಗಬಹುದು, ಎಮ್ಮೆಗೆ ಆಗಬಹುದು, ಕಲ್ವಕ್ಕೆ ಮಾತ್ರ ಬೇಡ ಅನ್ನೋದು ಯಾವ ನ್ಯಾಯ?

ಕಲ್ವದಲ್ಲೂ ಇದು ಆಗ್ತದೆ ಅಂತ ತೋರಿಸಿದವರು ಇದ್ದಾರೆ. ಅಮೆರಿಕದ ಡೆಲವೇರ್ ಕೊಲ್ಲಿಗೆ 1957ರಲ್ಲಿ ಎಂಎಸ್‌ಎಕ್ಸ್ ಅನ್ನೋ ರೋಗ ಬಂತು. ಕಲ್ವ ರಾಶಿ ರಾಶಿ ಸತ್ತವು. ರಟ್ಗರ್ಸಿನ ಹೆರಾಲ್ಡ್ ಹ್ಯಾಸ್ಕಿನ್ ಅನ್ನೋ ವಿಜ್ಞಾನಿ ಸತ್ತದ್ದನ್ನ ಬಿಟ್ಟು ಬದುಕಿದ್ದನ್ನ ಎತ್ತಿಕೊಂಡ್ರು. 1960ರ ದಶಕದ ಶುರುವಿನಿಂದ ಬದುಕಿದವುಗಳ ಮರಿ ಮಾಡಿಸಿ, ಆ ಮರಿಗಳನ್ನ ಮತ್ತೆ ರೋಗದ ನೀರಿಗೇ ಹಾಕಿ, ಅದರಲ್ಲಿ ಬದುಕಿದ್ದನ್ನ ಮತ್ತೆ ಮರಿ ಮಾಡಿಸಿ, ಹೀಗೆ ಪೀಳಿಗೆ ಮೇಲೆ ಪೀಳಿಗೆ. ರೋಗಕ್ಕೆ ತಡೆಯೋ ಕಲ್ವ ತಯಾರಾಯ್ತು. ನಮ್ಮ ಅಜ್ಜಿ ಕಗ್ಗದ ತೆನೆ ಆರಿಸಿದ ಕೆಲಸವನ್ನೇ ಅವರೂ ಮಾಡಿದ್ದು.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸಿನಲ್ಲಿ ಸಿಡ್ನಿ ರಾಕ್ ಅಂತ ಅವರ ಊರಿನ ಕಲ್ವ ಇದೆ. ಮಾರೋ ಅಳತೆಗೆ ಬರೋದಕ್ಕೆ ಮೂರೂವರೆ ವರ್ಷದ ಹತ್ತಿರ ಬೇಕಾಗ್ತಿತ್ತು. 1990ರಿಂದ ಸರ್ಕಾರದವರು ದಪ್ಪದ್ದನ್ನ ಆರಿಸಿ ಆರಿಸಿ ಮರಿ ಮಾಡಿಸಿದ್ರು, ನಾಲ್ಕು ಪೀಳಿಗೆ ಆಗೋದ್ರೊಳಗೆ ಆ ಕಾಲ ಸುಮಾರು ಒಂದು ವರ್ಷ ಕಡಿಮೆಯಾಯ್ತು. ನಡುವೆ ಕ್ಯೂಎಕ್ಸ್ ಅನ್ನೋ ರೋಗ ಜಾರ್ಜಸ್ ನದಿಯ ಕೃಷಿಯನ್ನ ಗುಡಿಸಿ ಹಾಕಿತು, 2004ರಲ್ಲಿ ಹಾಕ್ಸ್‌ಬರಿ ನದಿಗೂ ಬಂತು. ಆ ಹೊತ್ತಿಗೆ ಆ ರೋಗಕ್ಕೆ ತಡೆಯೋ ಸಾಲುಗಳು ಕೈಯಲ್ಲಿದ್ವು.

ನಮ್ಮ ದೇಶದ್ದೇ ಬೇಕು ಅಂದ್ರೆ ರೋಹು ಮೀನು ಇದೆ. ಕೃಷಿ ಹೊಂಡಕ್ಕೆ ಬಿಡೋ ರೋಹು. ಭುವನೇಶ್ವರದ ಸಿಹಿನೀರು ಮೀನು ಕೃಷಿ ಸಂಸ್ಥೆಯವರು 1992ರಲ್ಲಿ ನಾರ್ವೆಯವರ ಜೊತೆ ಸೇರಿ ಶುರು ಮಾಡಿದ್ರು. ಒಂದೇ ಕೆರೆಯ ಮೀನು ತಗೊಳ್ಳಲಿಲ್ಲ. ಗಂಗೆ, ಯಮುನೆ, ಗೋಮತಿ, ಸಟ್ಲೆಜ್, ಬ್ರಹ್ಮಪುತ್ರ, ಹೀಗೆ ಬೇರೆ ಬೇರೆ ನದಿಯ ರೋಹು ತಂದು ಕೂಡಿಸಿದ್ರು. ಪೀಳಿಗೆಗೆ ಸರಾಸರಿ ನೂರಕ್ಕೆ 17ರಷ್ಟು ಬೆಳವಣಿಗೆ ಹೆಚ್ಚಾಯ್ತು. ಸ್ವಾತಂತ್ರ್ಯದ ಐವತ್ತನೇ ವರ್ಷ 1997ರಲ್ಲಿ ಅದಕ್ಕೆ ಜಯಂತಿ ರೋಹು ಅಂತ ಹೆಸರಿಟ್ರು. ನಮ್ಮವರ ಕೈಯಲ್ಲಿ ಆಗದ ಕೆಲಸ ಇದಲ್ಲ.

ಹಾಗಾದ್ರೆ ಸಿಹಿನೀರು ತಡೆಯೋ ಗುಣ ಅಪ್ಪ ಅಮ್ಮನಿಂದ ಮರಿಗೆ ಬರ್ತದಾ? ಬರ್ತದೆ. ವರ್ಜೀನಿಯಾದಲ್ಲಿ ಬೇರೆ ಬೇರೆ ಮನೆತನದ ಕಲ್ವ ಮರಿಗಳನ್ನ ತೀರಾ ಸಪ್ಪೆ ನೀರಿಗೆ ಹಾಕಿ ನೋಡಿದ್ದಾರೆ. ಕೆಲವು ಮನೆತನ ಪೂರ್ತಿ ನೆಲಕಚ್ಚಿತು, ಕೆಲವು ಚೆನ್ನಾಗಿ ತಡೀತು. ಆ ವ್ಯತ್ಯಾಸದಲ್ಲಿ ದೊಡ್ಡ ಪಾಲು ರಕ್ತದಿಂದ ಬಂದದ್ದು ಅಂತ ಲೆಕ್ಕ ಹಾಕಿದ್ದಾರೆ. ನೀವೇ ನೋಡಿದ್ದೀರಿ, ಆಗಸ್ಟ್ ಕಳೆದು ಹೊಳೆಗಿಳಿದ್ರೆ ಒಂದೇ ಕಲ್ಲಿನ ಮೇಲೆ ಹತ್ತು ಬಾಯಿ ಬಿಟ್ಟ ಚಿಪ್ಪಿನ ನಡುವೆ ಎರಡು ಗಟ್ಟಿಯಾಗಿ ಮುಚ್ಚಿಕೊಂಡು ಕೂತಿರ್ತವೆ. ಅದೇ ನೀರು, ಅದೇ ಕಲ್ಲು. ಆ ಎರಡರಲ್ಲಿ ಏನೋ ಇದೆ. ನಾವು ಆ ಎರಡನ್ನೂ ಕಿತ್ತು ಸಾರು ಮಾಡಿ ತಿಂತೇವೆ.

ಕಲ್ವ ಭತ್ತದ ಹಾಗಲ್ಲ

ಇಲ್ಲೇ ಒಂದು ಗಂಟು ಇದೆ. ನನ್ನ ಮುಖ್ಯ ಮಾತೂ ಇದೇ.

ಭತ್ತದಲ್ಲಿ ನಾನು ಒಳ್ಳೇ ತೆನೆ ಆರಿಸಿ ಮಡಿಕೆಯಲ್ಲಿ ಇಟ್ಟರೆ ಮುಂದಿನ ವರ್ಷ ಅದೇ ಬೀಜ ನನ್ನ ಗದ್ದೆಗೆ ಬೀಳ್ತದೆ. ಒಬ್ಬನೇ ರೈತ, ಒಂದೇ ಮನೆ, ತಳಿ ಉಳಿಸಬಹುದು. ಕಲ್ವದಲ್ಲಿ ಹಾಗಾಗೋದಿಲ್ಲ. ಒಂದು ಹೆಣ್ಣು ಒಂದು ಸಲಕ್ಕೆ ಲಕ್ಷಗಟ್ಟಲೆ, ಕೋಟಿ ಲೆಕ್ಕದಲ್ಲೂ ಮೊಟ್ಟೆಯನ್ನ ನೀರಿಗೆ ಬಿಡ್ತದೆ. ಗಂಡೂ ನೀರಿಗೇ ಬಿಡ್ತದೆ. ಆ ಮರಿ ಎರಡು ಮೂರು ವಾರ ಭರತ ಇಳಿತದ ಜೊತೆ ತೇಲಾಡಿ ಎಲ್ಲೋ ಹೋಗಿ ಅಂಟಿಕೊಳ್ತದೆ. ನಾನು ಆರಿಸಿ ಇಟ್ಟ ಗಟ್ಟಿ ಕಲ್ವದ ಮಕ್ಕಳು ನಿಮ್ಮ ಸರಕ್ಕೆ ಬರ್ತವೆ, ಯಾರದ್ದೋ ಮಕ್ಕಳು ನನ್ನ ಸರಕ್ಕೆ. ಹಾಗಾಗಿ "ನಾನು ಒಳ್ಳೇ ಕಲ್ವ ಉಳಿಸಿದ್ದೇನೆ, ನನ್ನ ತಳಿ ಸುಧಾರಿಸ್ತದೆ" ಅನ್ನೋ ಮಾತು ಹೊಳೆಯಲ್ಲಿ ನಡೆಯೋದಿಲ್ಲ.

ಅದಕ್ಕೆ ಹ್ಯಾಚರಿ ಬೇಕು. ಆರಿಸಿದ ಗಂಡು ಹೆಣ್ಣನ್ನ ತೊಟ್ಟಿಯಲ್ಲಿ ಇಟ್ಟು, ಮೊಟ್ಟೆ ಬಿಡಿಸಿ, ಪಾಚಿ ಬೆಳೆಸಿ ತಿನ್ನಿಸಿ, ಎರಡು ಮೂರು ವಾರ ಸಾಕಿ, ಚಿಪ್ಪಿಗೆ ಅಂಟಿಸಿ ಕೊಡಬೇಕು. ನಮ್ಮ ಜಾತಿಯ ಕಲ್ವಕ್ಕೆ ಈ ವಿದ್ಯೆ ಹೊಸದೇನಲ್ಲ. ಸಿಎಂಎಫ್‌ಆರ್‌ಐ, ಅಂದ್ರೆ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ತೂತುಕುಡಿಯಲ್ಲಿ 1980ರ ದಶಕದಲ್ಲೇ ಇದನ್ನ ಮಾಡಿ ತೋರಿಸಿದ್ದಾರೆ. ಕೇರಳದ ಅಷ್ಟಮುಡಿ ಹಿನ್ನೀರಿನ ಕಡೆ 1990ರ ದಶಕದಲ್ಲಿ ಕೃಷಿಯೂ ಹಬ್ಬಿತು. ಆದರೆ ಅಲ್ಲೂ ಇಲ್ಲೂ ಹೊಳೆಯ ಮರಿಯೇ ಪುಕ್ಕಟೆ ಸಿಗ್ತದಲ್ಲ ಅಂತ ಹ್ಯಾಚರಿ ಬೀಜಕ್ಕೆ ಬೇಡಿಕೆ ಹುಟ್ಟಲಿಲ್ಲ. ಬೇಡಿಕೆ ಇಲ್ಲದ ಕಡೆ ತಳಿ ಕೆಲಸ ಮುಂದೆ ಹೋಗೋದಿಲ್ಲ.

ಹ್ಯಾಚರಿಯಲ್ಲೂ ಒಂದು ಅಪಾಯ ಇದೆ, ಇದನ್ನ ಗಮನ ಇಟ್ಟು ಓದಿ. ಒಂದು ಹೆಣ್ಣು ಕೋಟಿ ಮೊಟ್ಟೆ ಬಿಡ್ತದೆ ಅಂದ್ರೆ, ನಾಲ್ಕು ಹೆಣ್ಣು ಎರಡು ಗಂಡು ಇದ್ರೆ ಇಡೀ ತಾಲೂಕಿಗೆ ಬೇಕಾದ ಬೀಜ ತಯಾರು. ಹ್ಯಾಚರಿಯವನಿಗೆ ಅದೇ ಸುಲಭ, ಖರ್ಚು ಕಡಿಮೆ. ಆಗ ನಮ್ಮೆಲ್ಲರ ಸರದಲ್ಲಿ ಇರೋದು ಅಣ್ಣ ತಮ್ಮ ಅಕ್ಕ ತಂಗಿಯರೇ. ಅವುಗಳಲ್ಲೇ ಮುಂದಿನ ಬೀಜ ಮಾಡಿಸಿದ್ರೆ ಒಳಸಂಬಂಧ. ಕಲ್ವಕ್ಕೆ ಒಳಸಂಬಂಧ ಬೇರೆ ಪ್ರಾಣಿಗಿಂತ ಹೆಚ್ಚು ಕೆಡುಕು ಮಾಡ್ತದೆ. ಮರಿ ಸಾಯ್ತದೆ, ಬದುಕಿದ್ದು ಬೆಳೆಯೋದಿಲ್ಲ. ಎಲ್ಲವೂ ಒಂದೇ ರಕ್ತದ್ದಾದ್ರೆ ಒಂದು ರೋಗ ಬಂದ್ರೂ ಎಲ್ಲವೂ ಒಟ್ಟಿಗೇ ಹೋಗ್ತದೆ.

ಇನ್ನೊಂದು ಮಾತು. ಒಂದು ರೋಗಕ್ಕೆ ಗಟ್ಟಿ ಮಾಡಿದ್ದು ಇನ್ನೊಂದಕ್ಕೂ ಗಟ್ಟಿ ಅಂತ ಇಲ್ಲ. ಹ್ಯಾಸ್ಕಿನ್ ಅವರ ಎಂಎಸ್‌ಎಕ್ಸ್ ತಡೆಯೋ ಕಲ್ವ ಇತ್ತಲ್ಲ, 1990ರಲ್ಲಿ ಡರ್ಮೋ ಅನ್ನೋ ಬೇರೆ ರೋಗ ಡೆಲವೇರ್ ಕೊಲ್ಲಿಗೆ ಹಬ್ಬಿದಾಗ ಅವೂ ಸತ್ತವು. ಮತ್ತೆ ಹೊಸದಾಗಿ ಎರಡಕ್ಕೂ ಆರಿಸಬೇಕಾಯ್ತು. ತಳಿ ಕೆಲಸ ಅಂದ್ರೆ ಒಂದು ಸಲ ಮಾಡಿ ಮುಗಿಸೋದಲ್ಲ, ಹಟ್ಟಿ ಗುಡಿಸಿದ ಹಾಗೆ, ದಿನಾ ಇರೋ ಕೆಲಸ. ಅದಕ್ಕೇ ಅದು ಯಾರ ಕೈಯಲ್ಲಿದೆ ಅನ್ನೋದು ಮುಖ್ಯ.

ಸಿಗಡಿಯಿಂದ ಕಲಿತದ್ದು ಮರೆತೆವಾ?

ಐವತ್ತು ದಾಟಿದವರಿಗೆಲ್ಲ ನೆನಪಿರಬೇಕು. 1990ರ ದಶಕದಲ್ಲಿ ಗಜನಿಗಳಲ್ಲಿ ಭತ್ತ ಬಿಟ್ಟು ಸಿಗಡಿ ಕೆರೆ ಮಾಡಿದ್ರು. ಎರಡು ಮೂರು ವರ್ಷ ದುಡ್ಡೇ ದುಡ್ಡು. ಆಮೇಲೆ 1994-95ರ ಹೊತ್ತಿಗೆ ಬಿಳಿ ಚುಕ್ಕೆ ರೋಗ ಬಂತು. ಕರಾವಳಿ ಉದ್ದಕ್ಕೂ ಕೆರೆಗಳು ಖಾಲಿಯಾದ್ವು. ರೋಗ ಊರಿಂದ ಊರಿಗೆ ಹೋದದ್ದು ಹೆಚ್ಚಾಗಿ ಬೀಜದ ಜೊತೆಗೇ. ಆಮೇಲೆ 2009ರಲ್ಲಿ ಸರ್ಕಾರ ವನ್ನಾಮಿ ಸಿಗಡಿಗೆ ಅನುಮತಿ ಕೊಟ್ಟಿತು. ರೋಗ ಇಲ್ಲದ ತಾಯಿ ಸಿಗಡಿ ಹೊರದೇಶದಿಂದ ಬರ್ತದೆ, ಚೆನ್ನೈಯಲ್ಲಿ ತಪಾಸಣೆ ಆಗ್ತದೆ, ಆಮೇಲೆ ಹ್ಯಾಚರಿಗೆ ಹೋಗ್ತದೆ. ಅದರಿಂದ ದೇಶದ ಸಿಗಡಿ ರಫ್ತು ಬಹಳ ಬೆಳೀತು, ಇದನ್ನ ಇಲ್ಲ ಅನ್ನೋ ಹಾಗಿಲ್ಲ. ಆದರೆ ಇವತ್ತಿಗೂ ಒಳ್ಳೇ ತಾಯಿ ಸಿಗಡಿಗೆ ಹೊರದೇಶದ ಕಂಪನಿಗಳ ಕಡೆಗೇ ಕೈ ಚಾಚಬೇಕು. ನಮ್ಮದೇ ಹುಲಿ ಸಿಗಡಿಯ ತಳಿಯನ್ನ ಮೊದಲೇ ಸರಿಯಾಗಿ ಕಟ್ಟಿಕೊಂಡಿದ್ರೆ ಲೆಕ್ಕ ಬೇರೆ ಇರ್ತಿತ್ತು ಅಂತ ನನ್ನ ನಂಬಿಕೆ.

ಕಲ್ವದಲ್ಲಿ ನಾವು ಇನ್ನೂ ಆ ಹಂತಕ್ಕೆ ಬಂದಿಲ್ಲ, ಬೀಜ ಇನ್ನೂ ಹೊಳೆಯಲ್ಲೇ ಇದೆ. ಡರ್ಮೋ ತರೋ ಪರ್ಕಿನ್ಸಸ್ ಜಾತಿಯ ಪರಾವಲಂಬಿಗಳು ನಮ್ಮ ದೇಶದ ಸಿಂಪಿಗಳಲ್ಲೂ ಕಂಡಿವೆ. ಹಾಗಾಗಿ ಬೇರೆ ರಾಜ್ಯದ ಹಿನ್ನೀರಿನಿಂದ ಮರಿ ಅಂಟಿದ ಸರವನ್ನ ಲಾರಿಯಲ್ಲಿ ತಂದು ನಮ್ಮ ಹೊಳೆಗೆ ಬಿಡೋ ಯೋಚನೆ ಯಾರಿಗಾದ್ರೂ ಇದ್ರೆ ದಯವಿಟ್ಟು ಬಿಡಿ. ತಪಾಸಣೆ ಇಲ್ಲದೆ ಒಂದು ಸರವೂ ಬೇಡ. ಒಬ್ಬ ಮಾಡಿದ್ರೆ ಇಡೀ ಹೊಳೆ ಅನುಭವಿಸಬೇಕು. ಕಲ್ವ ಸತ್ತರೆ ನಮಗೆ ಒಂದು ವರ್ಷದ ನಷ್ಟ. ಬಳಚು ಆರಿಸಿ ದಿನದ ಅಕ್ಕಿ ತರೋ ಅಕ್ಕ ತಂಗಿಯರ ಬಳಚಿಗೂ ರೋಗ ಹತ್ತಿದ್ರೆ ಅವರ ಮನೆಯ ಒಲೆ ಆರ್ತದೆ.

ಹಾಗಾದ್ರೆ ಏನು ಮಾಡಬೇಕು

ಟಾಸ್ಮೇನಿಯಾದವರ ಲೆಕ್ಕ ನನಗೆ ಹಿಡಿಸ್ತದೆ. ಅಲ್ಲಿ ಕಲ್ವ ಬೆಳೆಯೋರೇ ಸೇರಿ ಒಂದು ತಳಿ ಕಂಪನಿ ಕಟ್ಟಿಕೊಂಡಿದ್ದಾರೆ, ದಕ್ಷಿಣ ಆಸ್ಟ್ರೇಲಿಯಾದ ಬೆಳೆಗಾರರೂ ಅದರಲ್ಲಿದ್ದಾರೆ. ವಿಜ್ಞಾನಿಗಳು ಕೆಲಸ ಮಾಡ್ತಾರೆ, ಆದರೆ ಬೀಜ ಬೆಳೆಗಾರರ ಹಿಡಿತದಲ್ಲಿ. 2010ರಲ್ಲಿ ನ್ಯೂ ಸೌತ್ ವೇಲ್ಸಿಗೆ ಕಲ್ವ ಕೊಲ್ಲೋ ಹರ್ಪಿಸ್ ವೈರಸ್ ಬಂದದ್ದು ನೋಡಿ, ತಮ್ಮ ಊರಿಗೆ ಬರೋ ಮುಂಚೆಯೇ ಅವರು ಅದನ್ನ ತಡೆಯೋ ಮನೆತನಗಳನ್ನ ಆರಿಸೋದಕ್ಕೆ ಶುರು ಮಾಡಿದ್ರು. 2016ರಲ್ಲಿ ವೈರಸ್ ಟಾಸ್ಮೇನಿಯಾಕ್ಕೆ ಬಂದೇ ಬಂತು, ಬಹಳ ಕಲ್ವ ಸತ್ತವು. ಆದರೆ ಮತ್ತೆ ಎದ್ದು ನಿಲ್ಲೋದಕ್ಕೆ ಬೇಕಾದ ಬೀಜ ಅವರ ಕೈಯಲ್ಲೇ ಇತ್ತು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡೋ ಜಾತಿಯವರಲ್ಲ ಅವರು.

ನಮಗೆ ಅಷ್ಟು ದೊಡ್ಡದು ಈಗಲೇ ಆಗೋದಿಲ್ಲ, ಗೊತ್ತು. ಆದರೆ ಶುರು ಮಾಡೋದಕ್ಕೆ ದುಡ್ಡು ಬೇಡ, ಒಂದು ನೂರು ಪುಟದ ನೋಟ್‌ಬುಕ್ ಸಾಕು.

ಮೊದಲನೇದು, ಈ ಮೇ ತಿಂಗಳಲ್ಲಿ ಎಲ್ಲ ಸರ ಎತ್ತಬೇಡಿ. ಪ್ರತಿಯೊಬ್ಬರೂ ಎರಡು ಸರ ಮಳೆಗಾಲಕ್ಕೆ ಬಿಡಿ. ಕೆಲವರು ಅಳಿವೆ ಬಾಯಿ ಹತ್ತಿರ, ಕೆಲವರು ಒಳಗೆ ಮೇಲಿನ ಹೊಳೆಯಲ್ಲಿ. ಬಿಡೋ ಮುಂಚೆ ಎಣಿಸಿ ಬರೆದಿಡಿ. ಸೆಪ್ಟೆಂಬರಿನಲ್ಲಿ ಮತ್ತೆ ಎಣಿಸಿ. ಸತ್ತದ್ದರ ಚಿಪ್ಪು ಬಾಯಿ ಬಿಟ್ಟು ಸರದಲ್ಲೇ ಇರ್ತದೆ, ಹಾಗಾಗಿ ಎಣಿಸೋದು ಸುಲಭ. ಎಷ್ಟು ಬಿಟ್ಟೆ, ಎಷ್ಟು ಉಳೀತು, ಯಾವ ಜಾಗ, ಅಷ್ಟೇ. ಸೋರೆ ಬುರುಡೆಯ ಲೆಕ್ಕ ಬೇಡ, ಬರೆದದ್ದೇ ಬೇಕು.

ಎರಡನೇದು, ಉಳಿದ ಕಲ್ವವನ್ನ ತಿನ್ನಬೇಡಿ, ಮಾರಬೇಡಿ. ಗುರುತು ಮಾಡಿ ಬೇರೆ ಬುಟ್ಟಿಯಲ್ಲಿ ಇಡಿ. ಒಂದು ಮಳೆಗಾಲ ದಾಟಿದ್ದು ಅದೃಷ್ಟಕ್ಕೂ ದಾಟಿರಬಹುದು. ಎರಡು ಮಳೆಗಾಲ ದಾಟಿದ್ರೆ ಅದನ್ನ ನಂಬಬಹುದು. ಒಂದೇ ಹೊಳೆಯದ್ದಲ್ಲ, ಹತ್ತಿರದ ಬೇರೆ ಅಳಿವೆಗಳಲ್ಲೂ ಬೆಳೆಗಾರರು ಹೀಗೆ ಮಾಡಿದ್ರೆ ಆಗ ನಮ್ಮ ಹತ್ತಿರ ಹಲವು ರಕ್ತದ, ಮಳೆಗಾಲ ದಾಟಿದ ನೂರಾರು ತಾಯಿ ಕಲ್ವ ಇರ್ತವೆ. ಜಯಂತಿ ರೋಹುವಿಗೆ ನದಿ ನದಿಯ ಮೀನು ಕೂಡಿಸಿದ್ದು ಇದಕ್ಕೇ.

ಮೂರನೇದು, ಆ ಲೆಕ್ಕ ಹಿಡಿದುಕೊಂಡು ವಿಜ್ಞಾನಿಗಳ ಹತ್ತಿರ, ಮೀನುಗಾರಿಕೆ ಇಲಾಖೆಯ ಹತ್ತಿರ ಹೋಗೋಣ. "ನಮಗೆ ಹೊರಗಿನ ಬೀಜ ಬೇಡ, ಈ ಕಲ್ವದಿಂದ ಮರಿ ಮಾಡಿಕೊಡಿ" ಅಂತ ಕೇಳೋಣ. ಬರಿಗೈಯಲ್ಲಿ ಹೋಗಿ ಹ್ಯಾಚರಿ ಕೊಡಿ ಅಂದ್ರೆ ಮನವಿ ಪತ್ರ ಫೈಲಿನಲ್ಲಿ ಮಲಗ್ತದೆ. ಎರಡು ವರ್ಷದ ಲೆಕ್ಕ, ತಾಯಿ ಕಲ್ವ ಎರಡೂ ಎದುರಿಗೆ ಇಟ್ಟರೆ ಮಾತಿಗೆ ತೂಕ ಬರ್ತದೆ.

ನಾಲ್ಕನೇದು, ಯಾವುದೇ ಹ್ಯಾಚರಿಯವನು, ಸರ್ಕಾರದ್ದಿರಲಿ ಖಾಸಗಿ ಇರಲಿ, ಬೀಜ ಕೊಡ್ತೇನೆ ಅಂದ್ರೆ ಮೂರು ಪ್ರಶ್ನೆ ಕೇಳಿ. ತಾಯಿ ತಂದೆ ಯಾವ ಹೊಳೆಯದ್ದು? ಎಷ್ಟು ಗಂಡು, ಎಷ್ಟು ಹೆಣ್ಣಿನಿಂದ ಮಾಡಿದ್ದು? ರೋಗದ ತಪಾಸಣೆ ಕಾಗದ ಎಲ್ಲಿ? ಉತ್ತರ ಕೊಡದವನ ಬೀಜ ಎಷ್ಟೇ ದಪ್ಪ ಕಂಡರೂ ಬೇಡ. ನಾವು ಆರಿಸಿ ಕೊಟ್ಟ ತಾಯಿ ಕಲ್ವದಿಂದ ಬಂದ ಬೀಜದ ಮೇಲೆ ನಮ್ಮ ಸಂಘಕ್ಕೆ ಹಕ್ಕು ಇರ್ತದೆ ಅನ್ನೋದು ಕಾಗದದ ಮೇಲೆ ಬರಲಿ.

ಆತುರದವರಿಗೆ ಒಂದು ಮಾತು. ಇದಕ್ಕೆ ಟೈಮ್ ಬೇಕು. ಒಂದು ಪೀಳಿಗೆ ಅಂದ್ರೆ ಒಂದೆರಡು ವರ್ಷ. ಫಲ ಕಣ್ಣಿಗೆ ಕಾಣೋದಕ್ಕೆ ಮೂರು ನಾಲ್ಕು ಪೀಳಿಗೆ. ನನಗೆ ಅರವತ್ತು ದಾಟಿರ್ತದೆ. ಆದರೆ ತೆಂಗು ನೆಡೋವಾಗ ಯಾರೂ ನಾಳೆ ಎಳನೀರು ಕುಡೀತೇನೆ ಅಂತ ನೆಡೋದಿಲ್ಲ. ನಮ್ಮ ಮನೆ ಹುಡುಗರು ಗೋವಾಕ್ಕೋ ಬೆಂಗಳೂರಿಗೋ ಹೋಗದೆ ಹೊಳೆಯಲ್ಲೇ ಬದುಕು ಕಟ್ಟಿಕೊಳ್ಳಬೇಕು ಅಂದ್ರೆ ಈ ಕೆಲಸ ಈಗ ಶುರುವಾಗಬೇಕು.

ತಳಿ ಒಂದೇ ಸರಿಯಾದ್ರೆ ಎಲ್ಲ ಸರಿಯಾಗ್ತದೆ ಅಂತಲೂ ತಿಳೀಬೇಡಿ. ಹೊಳೆಗೆ ಕಕ್ಕಸಿನ ನೀರು ಬಿಡ್ತಾ ಇದ್ರೆ ಯಾವ ತಳಿಯ ಕಲ್ವವನ್ನೂ ಒಳ್ಳೇ ಹೋಟೆಲಿನವರು ಮುಟ್ಟೋದಿಲ್ಲ, ಯಾಕಂದ್ರೆ ಕಲ್ವ ನೀರಲ್ಲಿದ್ದದ್ದನ್ನೆಲ್ಲ ಸೋಸಿ ಹೊಟ್ಟೆಗೆ ಹಾಕಿಕೊಳ್ತದೆ. ಮಿಸಿಸಿಪಿ ನದಿಗೆ 2019ರಲ್ಲಿ ನೆರೆ ಬಂದಾಗ ನ್ಯೂ ಆರ್ಲಿಯನ್ಸ್ ಪೇಟೆ ಉಳಿಸೋದಕ್ಕೆ ಬಾನೆ ಕ್ಯಾರೆ ಅನ್ನೋ ಕಟ್ಟೆಯ ಗೇಟು ಎರಡು ಸಲ ತೆರೆದು ಒಟ್ಟು 123 ದಿನ ಸಿಹಿನೀರು ಬಿಟ್ರು. ಮಿಸಿಸಿಪಿ ರಾಜ್ಯದ ಕಲ್ವದ ದಿಬ್ಬಗಳು ಹತ್ತಿರ ಹತ್ತಿರ ಪೂರ್ತಿ ಸತ್ತವು. ಅಂಥ ನೀರಿಗೆ ಯಾವ ತಳಿಯೂ ತಡೆಯೋದಿಲ್ಲ. ನಮ್ಮ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ, ಮಳೆಯ ನೀರು ತನ್ನ ಲೆಕ್ಕದಲ್ಲಿ ಬಂದು ಹೋಗ್ತದೆ. ಆ ಲೆಕ್ಕ ಹಾಗೇ ಇದ್ರೆ ಮಾತ್ರ ಅದಕ್ಕೆ ಹೊಂದೋ ತಳಿ ಆರಿಸೋದರಲ್ಲಿ ಅರ್ಥ ಇದೆ. ಹೊಳೆ ಉಳಿಸೋದೂ ತಳಿ ಉಳಿಸೋದೂ ಒಂದೇ ಕೆಲಸದ ಎರಡು ತುದಿ.

ಸಂಘದ ಮುಂದಿನ ಸಭೆಯಲ್ಲಿ ಬೀಜಕ್ಕೆ ದುಡ್ಡು ಹಾಕೋ ಮಾತು ಬರ್ತದೆ. ನಾನು ಬೇಡ ಅಂತ ಕೈ ಎತ್ತೋನು. ಆ ದುಡ್ಡಿನಲ್ಲಿ ಬುಟ್ಟಿ, ಹಗ್ಗ, ಗುರುತಿನ ಚೀಟಿ ತಗೊಂಡು ಮಳೆಗಾಲಕ್ಕೆ ಸರ ಬಿಡೋಣ ಅನ್ನೋನು. ಒಪ್ಪದವರು ಕೆಳಗೆ ಬರೀರಿ, ಕಾರಣ ಸಮೇತ ಬರೀರಿ, ವಾದ ಮಾಡೋಣ. ಎರಡು ಸರ ಬಿಡೋಕೆ ತಯಾರಿರೋರು ಜಾಗದ ಹೆಸರು ಹಾಕಿ. ಎಣಿಕೆ ಪಟ್ಟಿಯ ನಮೂನೆ ನಾನು ಗೆರೆ ಹಾಕಿ ಫೋಟೋ ತೆಗೆದು ಹಾಕ್ತೇನೆ.